ಪಂಚನಾಮೆಯ ಅಂಚಿನ ಕೆಂಪು ಗೆರೆ

ವಕೀಲರ ಬಳಿ ಕಾರಕೂನರಾಗಿ ಸೇರುವ ಹೊಸಬರು ಮೊದಲು ಕೇಳುವುದು, ಕಾಯ್ದೆಯ ಯಾವ ಪುಸ್ತಕ ಓದಬೇಕು ಎಂದು. ನಾನು ಬಸ್ಸಿನ ವೇಳಾಪಟ್ಟಿ ಓದಲು ಹೇಳುತ್ತೇನೆ. ಬೈಲಹೊಂಗಲದಿಂದ ರಾಮದುರ್ಗದ ಕಡೆಗೆ ಹೋಗುವ ಬೆಳಗಿನ ಮೊದಲ ಬಸ್ಸು ತಪ್ಪಿತೆನ್ನಿ. ನೀವು ಠಾಣೆ ಮುಟ್ಟುವಷ್ಟರಲ್ಲಿ ಸಾಹೇಬರು ಬಂದೋಬಸ್ತಿಗೆ ಹೋಗಿರುತ್ತಾರೆ, ಠಾಣೆಯ ಕಾಗದ ನೋಡಿಕೊಳ್ಳುವ ರೈಟರ್ ಊಟಕ್ಕೆ ಹೋಗಿರುತ್ತಾನೆ, ಕಪಾಟಿನ ಕೀಲಿ ಇಬ್ಬರಲ್ಲಿ ಒಬ್ಬರ ಕಿಸೆಯಲ್ಲಿ ಕುಳಿತು ಅವರ ಜೊತೆಗೇ ಹೋಗಿರುತ್ತದೆ. ಕಾಯ್ದೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಅದು ವಕೀಲರಿಗೆ ಗೊತ್ತಿರುತ್ತದೆ. ಬಸ್ಸಿನ ವೇಳೆ ಅವರಿಗೆ ಗೊತ್ತಿರುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಹದಿನೇಳು ವರ್ಷ ಸೈನ್ಯದಲ್ಲಿ ಗುಮಾಸ್ತನಾಗಿದ್ದು ಹವಾಲ್ದಾರನಾಗಿ ನಿವೃತ್ತನಾಗಿದ್ದೆ. ಬಂದೂಕು ಹಿಡಿದದ್ದು ಕಡಿಮೆ, ಫೂಟಪಟ್ಟಿ ಹಿಡಿದದ್ದು ಹೆಚ್ಚು. ಅಲ್ಲಿ ಮೂರು ಪಾಠ ಕಲಿತೆ. ಪ್ರತಿ ಹಾಳೆಗೂ ಎಡಕ್ಕೆ ಒಂದೂಕಾಲು ಇಂಚು ಅಂಚು ಬಿಟ್ಟು ಕೆಂಪು ಪೆನ್ಸಿಲ್ಲಿನ ಗೆರೆ. ಪ್ರತಿ ಕಾಗದಕ್ಕೂ ಆರಂಭದ ವೇಳೆ, ಮುಗಿದ ವೇಳೆ. ಪ್ರತಿ ದಿನಕ್ಕೂ ಒಂದು ಪುಟ ಡೈರಿ: ಎಲ್ಲಿ ಹೋದೆ, ಯಾರನ್ನು ಕಂಡೆ, ಏನು ತಿಂದೆ. ತಿಂದದ್ದನ್ನು ಯಾಕೆ ಬರೆಯಬೇಕು ಎಂದು ನಮ್ಮ ಸುಬೇದಾರರನ್ನು ಒಮ್ಮೆ ಕೇಳಿದ್ದೆ. ಹೊಟ್ಟೆ ಕೆಟ್ಟ ದಿನ ಗೊತ್ತಾಗುತ್ತದೆ ಎಂದರು. ಈ ಮೂರೂ ಪಾಠ ಬಾಗಿಲಲ್ಲಿ ಬಿಟ್ಟು ಬರುವಂಥವಲ್ಲ. ನನ್ನ ಜೊತೆಗೇ ಬೈಲಹೊಂಗಲಕ್ಕೆ ಬಂದವು.

ನನ್ನನ್ನು ಇಟ್ಟುಕೊಂಡವರು ಹಿರೇಮಠ ವಕೀಲರು. ವಾಹನ ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರ ಪರಿಹಾರದ ಪ್ರಕರಣಗಳೇ ಅವರಲ್ಲಿ ಹೆಚ್ಚು. ಇಂಥ ಪ್ರಕರಣಕ್ಕೆ ಪೊಲೀಸರ ಕಡೆಯಿಂದ ಆರು ಕಾಗದ ಬೇಕು: ಮೊದಲ ವರದಿ, ಸ್ಥಳದ ಪಂಚನಾಮೆ, ನಕಾಶೆ, ಮೋಟಾರು ಇನ್‌ಸ್ಪೆಕ್ಟರರ ವರದಿ, ಡಾಕ್ಟರರ ಗಾಯದ ದಾಖಲೆ, ಕೊನೆಗೆ ದೋಷಾರೋಪ ಪಟ್ಟಿ. ಈ ಆರನ್ನು ತರುವುದೇ ನನ್ನ ಕೆಲಸ. ಸೋಮವಾರ ಕಿತ್ತೂರು, ಮಂಗಳವಾರ ಸವದತ್ತಿ, ಬುಧವಾರ ರಾಮದುರ್ಗದ ದಿಕ್ಕು, ಗುರುವಾರ ನಮ್ಮೂರು. ಶುಕ್ರವಾರ ತಂದದ್ದನ್ನು ಜೋಡಿಸುವುದು, ಶನಿವಾರ ತಾರದೆ ಇದ್ದದ್ದಕ್ಕೆ ವಕೀಲರ ಎದುರು ಕಾರಣ ಹೇಳುವುದು.

ಹಿರೇಮಠ ವಕೀಲರು ಧ್ವನಿ ಏರಿಸಿದ್ದನ್ನು ನಾನು ಕಂಡಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಅಷ್ಟೇ. ಕನ್ನಡಕ ಮೇಜಿಗೆ ಇಳಿದರೆ ಕಕ್ಷಿದಾರರು ಕೂಡ ಎದ್ದು ಹೊರಗೆ ಹೋಗಿ ತಮ್ಮ ಚಪ್ಪಲಿ ಸರಿಯಾಗಿ ಇಟ್ಟು ಬರುತ್ತಿದ್ದರು.

ಸೇರಿದ ವರ್ಷವೇ ನಾನು ಆ ಕನ್ನಡಕವನ್ನು ಎರಡು ಸಲ ಇಳಿಸಿದೆ. ಮೊದಲನೆಯದು ಎಮ್ಮೆಯ ವಿಷಯ. ಒಂದು ಠಾಣೆಗೆ ಹೋಗಿ ಗುನ್ನೆ ನಂಬರು ಹೇಳಿ ಮೊದಲ ವರದಿಯ ನಕಲು ಕೇಳಿದೆ, ವರ್ಷ ಹೇಳಲಿಲ್ಲ. ರೈಟರ್ ಅರ್ಧ ತಾಸಿನಲ್ಲಿ ಕೊಟ್ಟ. ಅಷ್ಟು ಬೇಗ ಸಿಕ್ಕ ಕಾಗದವನ್ನು ಓದುವ ಬುದ್ಧಿ ಯಾರಿಗೆ ಬರುತ್ತದೆ? ಅಂಚಿಗೆ ಗೆರೆ ಹಾಕಿ, ಟಾಚಣಿ ಚುಚ್ಚಿ, ಕಡತಕ್ಕೆ ಸೇರಿಸಿದೆ. ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಅದನ್ನು ಎತ್ತಿ ಓದತೊಡಗಿದರು: “ಕಪ್ಪು ಬಣ್ಣದ, ಎಡಗೊಂಬು ಬಾಗಿದ, ಮೂರನೆಯ ಸೂಲಿನ ಎಮ್ಮೆಯನ್ನು ಯಾರೋ ಕಳ್ಳರು ಹಗ್ಗ ಸಮೇತ…” ನ್ಯಾಯಾಧೀಶರು ತಲೆ ಎತ್ತಿ, “ವಕೀಲರೇ, ಇದರಲ್ಲಿ ಗಾಯಾಳು ಯಾರು?” ಎಂದರು.

ಸಂಜೆ ಕಚೇರಿಯಲ್ಲಿ ಕನ್ನಡಕ ಇಳಿಯಿತು.

“ಕಾರಕೂನರ, ಎಮ್ಮಿ ಸಿಕ್ತಂತೇನು?”

“ಗೊತ್ತಿಲ್ರಿ ಸಾಹೇಬ್ರ.”

“ಓದಿದ್ರ ಗೊತ್ತಾಗತಿತ್ತು.”

ಅಂದಿನಿಂದ ಇಂದಿನವರೆಗೆ ಲಗ್ನಪತ್ರಿಕೆಯನ್ನೂ ನಾನು ಪೂರ್ತಿ ಓದುತ್ತೇನೆ. ಹೊಸಬರೂ ಓದಿರಿ. ನಂಬರಿನ ಮುಂದೆ ವರ್ಷ ಹಾಕಿರಿ.

ಎರಡನೆಯದು ಗಡಿಯ ತಂಟೆ. ಎರಡು ಠಾಣೆಗಳ ಹದ್ದು ಕೂಡುವ ಸಣ್ಣ ಸೇತುವೆಯ ಮೇಲೆ ಒಂದು ಲಾರಿ ಮೋಟಾರ್ ಸೈಕಲ್ಲಿಗೆ ತಾಗಿತು. ಗಾಡಿ ಗಡಿಕಲ್ಲಿನ ಈಚೆ ಬಿತ್ತು, ಸವಾರ ಆಚೆ ಬಿದ್ದ. ಈಚೆಯ ಠಾಣೆಗೆ ಹೋದೆ. “ಗಾಡಿ ನಮ್ಮಲ್ಲಿ ಬಿದ್ದೈತಿ, ಒಪ್ಪತೇವಿ. ಆದರ ಗಾಯ ಆಗಿದ್ದು ಗಾಡಿಗಲ್ಲ, ಮನಷ್ಯಾಗ. ಮನಷ್ಯಾ ಅವರಲ್ಲಿ ಬಿದ್ದಾನ, ಅವರನ್ನ ಕೇಳ್ರಿ.” ಆಚೆಯ ಠಾಣೆಗೆ ಹೋದೆ. “ಮನಷ್ಯಾ ಇಲ್ಲಿ ಬಿದ್ದಾನ ಖರೆ. ಆದರ ಬೀಳಾಕ ಸುರು ಮಾಡಿದ್ದು ಅಲ್ಲಿ.” ನಾಲ್ಕು ವಾರ ಇಬ್ಬರ ನಡುವೆ ಓಡಾಡಿ, ನಾಲ್ಕು ಶನಿವಾರ ಕಾರಣ ಹೇಳಿದೆ. ನಾಲ್ಕನೆಯದಕ್ಕೆ ಕನ್ನಡಕ ತೆಗೆದು ವಕೀಲರು ಹೇಳಿದರು: “ಬಾಯಿಲೆ ಯಾಕ ಕೇಳತೀರಿ? ಬರದು ಕೇಳ್ರಿ, ಪೋಚ್ ತಗೊಳ್ರಿ. ನಮ್ಮದಲ್ಲಂತ ಬಾಯಿಲೆ ಎಲ್ಲಾರೂ ಅಂತಾರ, ಬರದು ಯಾರೂ ಕೊಡೂದಿಲ್ಲ.” ಎರಡೂ ಠಾಣೆಗೆ ಅರ್ಜಿ ಬರೆದು, ಮುಟ್ಟಿತೆಂಬುದಕ್ಕೆ ಸಹಿ ಪಡೆದೆ. ಮುಂದಿನ ವಾರ ಎರಡೂ ಠಾಣೆಯವರು ಗುನ್ನೆ ದಾಖಲಿಸಿದ್ದರು. ಅಲ್ಲಿಯವರೆಗೆ ಒಂದೂ ಇಲ್ಲದಿದ್ದ ಮೊದಲ ವರದಿ ಈಗ ಎರಡಾದವು, ಒಂದಕ್ಕೊಂದು ಹೊಂದದವು. ಅದನ್ನು ಬಿಡಿಸಲು ಮತ್ತೊಂದು ವರ್ಷ ಹೋಯಿತು.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡ ತಪ್ಪನ್ನು ನಾನು ಕಲಿತ ಪಾಠದ ಪ್ರಕಾರವೇ, ಗೆರೆ ಹೊಡೆದು ಮಾಡಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕುಳಿತದ್ದು.

ಆ ತಪ್ಪು ನಡೆದ ಠಾಣೆಯೂ ನಾನು ತಿರುಗುತ್ತಿದ್ದವುಗಳಲ್ಲಿ ಒಂದು. ಹೆಸರು ಬೇಡ. ಅಲ್ಲಿಯ ಹವಾಲ್ದಾರ ನಿಂಗಪ್ಪನವರು ಈಗ ನನ್ನಂತೆಯೇ ನಿವೃತ್ತರು, ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ನಾನೂ ಹವಾಲ್ದಾರನಾಗಿದ್ದವನು ಎಂದು ಅವರು ನನ್ನನ್ನು ‘ಮಿಲ್ಟ್ರಿ’ ಎಂದು ಕರೆಯುತ್ತಿದ್ದರು. ಠಾಣೆಯ ಎದುರಿಗೆ ಚನ್ನಪ್ಪನ ಚಹಾದ ಹೊಟೇಲು. ಮಿರ್ಚಿ ಭಜಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರು.

ಪಂಚನಾಮೆ ಎಂದರೆ, ಪೊಲೀಸರು ಊರಿನ ಇಬ್ಬರನ್ನು ಅಪಘಾತದ ಜಾಗಕ್ಕೆ ಕರೆದೊಯ್ದು, ಅಲ್ಲಿ ಕಂಡದ್ದನ್ನು ಅಲ್ಲೇ ಬರೆದು, ಆ ಇಬ್ಬರ ಸಹಿ ಹಾಕಿಸುವ ಕಾಗದ. ಆ ಇಬ್ಬರಿಗೆ ಪಂಚರು ಎನ್ನುತ್ತಾರೆ. ಬಿಸಿಲಲ್ಲಿ ಪಂಚನಾಗಿ ನಿಲ್ಲಲು ಯಾರೂ ಬರುವುದಿಲ್ಲ. ಆದ್ದರಿಂದ ಆ ಠಾಣೆಯಲ್ಲಿ ಪಂಚರು ಯಾವಾಗಲೂ ಇಬ್ಬರೇ: ಚನ್ನಪ್ಪ, ಮತ್ತು ಅವನಿಗೆ ಉಳ್ಳಾಗಡ್ಡಿ ಹೆಚ್ಚಿಕೊಡುತ್ತಿದ್ದ ಅವನ ಅಳಿಯ. ಮಾವ ಅಳಿಯ ಸೇರಿ ಎಷ್ಟೋ ಅಪಘಾತದ ಜಾಗಗಳನ್ನು ಕಂಡಿದ್ದರು, ಕಡಾಯಿ ಬಿಟ್ಟು ಕದಲದೆ.

ಒಂದು ಬುಧವಾರ ಬೆಳಿಗ್ಗೆ ಬಸ್ಸು ಇಳಿದು ಹೊಟೇಲಿನಲ್ಲಿ ಕುಳಿತೆ. ಠಾಣೆಯಲ್ಲಿ ಕಾಗದದ ಕೆಲಸ ಹತ್ತಕ್ಕೆ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂಗಪ್ಪನವರು ಬಂದು ಎದುರಿನ ಬಾಕಿನ ಮೇಲೆ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಏನೋ ಬರೆಯತೊಡಗಿದರು. ನಾನು ಅವರಿಗೆ ಮಿರ್ಚಿ ತರಿಸಿದೆ. ಇಲ್ಲಿ ನಿಂತು ಒಂದು ಮಾತು: ಅದು ಲಂಚವಲ್ಲ. ಆದರೆ ಮಿರ್ಚಿ ತಿಂದವರು ‘ನಾಳಿಗೆ ಬರ್ರಿ’ ಎನ್ನುವುದು ಕಡಿಮೆ.

ಬರೆಯುವವರ ಹಾಳೆಯ ಮೇಲೆ ಕಣ್ಣು ಹಾಕಬಾರದು. ಅದು ನನಗೆ ಗೊತ್ತು, ಓದಲಿಲ್ಲ. ಆದರೆ ಹಾಳೆಗೆ ಅಂಚು ಇರಲಿಲ್ಲ. ಅಕ್ಷರಗಳು ಎಡತುದಿಯಿಂದ ಬಲತುದಿಯವರೆಗೆ ಸಂತೆಗೆ ಹೊರಟ ಕುರಿಗಳಂತೆ ಹೋಗುತ್ತಿದ್ದವು. ನನಗೆ ಚಹಾ ಇಳಿಯಲಿಲ್ಲ.

“ಹವಾಲ್ದಾರ್ರ, ಇದನ್ನ ಕಡತಕ್ಕ ಹೊಲದ್ರ ಎಡಗಡಿ ಅಕ್ಷರ ಎಲ್ಲಾ ದಾರದೊಳಗ ಹೋಗ್ತಾವ್ರಿ.”

“ಹೋಗ್ಲಿ ಬಿಡ್ರಿ ಮಿಲ್ಟ್ರಿ. ಓದವರ್‍ಯಾರು?”

“ಇಲ್ಲಿ ಕೊಡ್ರಿ. ಇನ್ನೊಂದು ಹಾಳಿಗೆ ಗೆರಿ ಹೊಡದ ಕೊಡತೇನಿ.”

ಚೀಲದಿಂದ ಫೂಟಪಟ್ಟಿ, ಕೆಂಪು ಪೆನ್ಸಿಲ್ ತೆಗೆದು ಎರಡು ಹಾಳೆಗೆ ಗೆರೆ ಹೊಡೆದೆ. ಅವರ ಕಾರ್ಬನ್ ತೂತು ಬಿದ್ದಿತ್ತು, ನನ್ನದು ಹೊಸದು ಕೊಟ್ಟೆ. ಅವರು ಮೊದಲಿನಿಂದ ನಕಲು ಮಾಡಿ ಬರೆದರು. ಮುಗಿಯುವ ಹೊತ್ತಿಗೆ ನನಗೆ ಇನ್ನೊಂದು ಹೊಳೆಯಿತು.

“ಸುರು ಆದ ವ್ಯಾಳೆ, ಮುಗದ ವ್ಯಾಳೆ ಹಾಕ್ರಿ. ಕಾಗದ ಪಕ್ಕಾ ಆಗತೈತಿ.”

ನಿಂಗಪ್ಪನವರು ಹೊಟೇಲಿನ ಗೋಡೆಯ ಗಡಿಯಾರ ನೋಡಿ, ಮೇಲೆ ‘ಬೆಳಿಗ್ಗೆ ಎಂಟು’, ಕೆಳಗೆ ‘ಬೆಳಿಗ್ಗೆ ಒಂಬತ್ತು’ ಎಂದು ಬರೆದರು. ಚನ್ನಪ್ಪ ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿ ಸಹಿ ಹಾಕಿದ. ಅಳಿಯ ಕಣ್ಣೀರು ಒರೆಸಿಕೊಂಡು ಹಾಕಿದ, ಉಳ್ಳಾಗಡ್ಡಿಯದು. ಅದು ಯಾವ ಕಾಗದ ಎಂದು ನಾನು ಕೇಳಲಿಲ್ಲ. ಸಹಿ ಹಾಕುವುದನ್ನು ಕಂಡೂ ಕೇಳಲಿಲ್ಲ. ಹಾಳೆ ನೋಡಲು ಚೆನ್ನಾಗಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಮೂರು ತಿಂಗಳು ಕಳೆದ ಮೇಲೆ ಹುಸೇನಬಿ ನಮ್ಮ ಕಚೇರಿಗೆ ಬಂದಳು. ಬೈಲಹೊಂಗಲದವಳೇ, ಗಂಡ ತೀರಿಹೋಗಿದ್ದ. ಬಳೆಯ ಬುಟ್ಟಿ ಹೊತ್ತು ಸುತ್ತಲಿನ ಸಂತೆಗಳಿಗೆ, ಊರೂರಿಗೆ ಹೋಗಿ ಬಳೆ ತೊಡಿಸುವವಳು. ನನ್ನ ಹೆಂಡತಿಗೂ ಅವಳೇ ತೊಡಿಸುತ್ತಿದ್ದಳು. ಒಂದು ಸಂತೆಯ ದಿನ ರಸ್ತೆಯ ಬದಿಗೆ ನಡೆದು ಹೋಗುವಾಗ ಹಿಂದಿನಿಂದ ಟೆಂಪೋ ಬಂದು ಹೊಡೆದಿತ್ತು. ಬಲಗೈ ಮಣಿಕಟ್ಟು ಮೂರು ಕಡೆ ಮುರಿದು, ಕೂಡಿಕೊಂಡಿತ್ತು; ಆದರೆ ಐದು ಬೆರಳು ಒಟ್ಟಿಗೆ ಕೂಡುತ್ತಿರಲಿಲ್ಲ.

“ಕಾರಕೂನರ, ಈ ಕೈಲೆ ಊಟಾ ಮಾಡಬಹುದು, ನಮಾಜಕ್ಕ ಎತ್ತಬಹುದು, ಸೊಸಿನ್ನ ಬಡಿಯಾಕೂ ಬರತೈತಿ. ಬಳಿ ತೊಡಸಾಕ ಮಾತ್ರ ಬರೂದಿಲ್ಲ. ನನಗ ಬೇಕಾಗಿದ್ದು ಅದೊಂದ ಇತ್ತು.”

ನಾನು ಆರು ಕಾಗದ ತರಲು ಹೋದೆ, ಬಂದದ್ದು ಐದು. ಆರನೆಯ ಜಾಗದಲ್ಲಿ ದೋಷಾರೋಪ ಪಟ್ಟಿಯ ಬದಲು ‘ಬಿ ರಿಪೋರ್ಟ್’ ಇತ್ತು. ಚಾಲಕನ ತಪ್ಪಿಲ್ಲ ಎಂದು ಪೊಲೀಸರು ಕಡತ ಮುಚ್ಚುವ ಕಾಗದ ಅದು. ಹುಸೇನಬಿ ಆಸ್ಪತ್ರೆಯಲ್ಲಿದ್ದಾಗ ಟೆಂಪೋದವನು ತಾನೇ ಠಾಣೆಗೆ ಬಂದು, ಬುಟ್ಟಿ ಹೊತ್ತ ಹೆಂಗಸು ರಸ್ತೆಯ ನಡುವೆ ಬಂದಳು ಎಂದು ಹೇಳಿದ್ದ. ಪಂಚನಾಮೆಯೂ ಅದನ್ನೇ ಹೇಳುತ್ತಿತ್ತು: ‘ಡಾಂಬರ ರಸ್ತೆಯ ಸರಿ ಮಧ್ಯದಲ್ಲಿ ಬಳೆಯ ಚೂರುಗಳು ಬಿದ್ದಿರುತ್ತವೆ.’

ನಕಲನ್ನು ವಕೀಲರಿಗೆ ಕೊಡುತ್ತ ನಾನೇ ಹೊಗಳಿದೆ. “ಕೇಸು ನಮಗ ವಿರುದ್ಧ ಐತಿ ಸಾಹೇಬ್ರ, ಆದರ ಪಂಚನಾಮೆ ನೋಡ್ರಿ. ಎಷ್ಟ ಛಂದ ಬರದಾರ. ಎಡಕ್ಕ ಅಂಚ ಬಿಟ್ಟಾರ, ಸುರು ಆದ ವ್ಯಾಳೆ ಹಾಕ್ಯಾರ, ಮುಗದ ವ್ಯಾಳೆ…”

ಅಲ್ಲಿಗೆ ನನ್ನ ಬಾಯಿ ನಿಂತಿತು. ಆ ತಾಲೂಕುಗಳಲ್ಲಿ ಮುಗಿದ ವೇಳೆ ಬರೆಯುವ ಹವಾಲ್ದಾರರು ಒಬ್ಬರೂ ಇರಲಿಲ್ಲ. ಮನೆಗೆ ಹೋಗಿ ಡೈರಿ ತೆಗೆದೆ. ಅದೇ ಬುಧವಾರ. ‘೭.೪೦ ಹೊಟೇಲು. ೮ರಿಂದ ೯ ಹ. ನಿಂಗಪ್ಪ ಎದುರಿಗೆ ಕುಳಿತು ಬರೆದರು. ಎರಡು ಹಾಳೆಗೆ ಗೆರೆ, ಒಂದು ಕಾರ್ಬನ್ ಕೊಟ್ಟೆ. ಮಿರ್ಚಿ: ಅವರಿಗೆ ಮೂರು, ನನಗೆ ಒಂದು. ಚಹಾ ಸಪ್ಪೆ.’

ಹುಸೇನಬಿಯ ಕೈ ಮುರಿದ ಜಾಗ ಆ ಹೊಟೇಲಿನಿಂದ ಮೂರು ಹರದಾರಿ ದೂರ.

ಮರುದಿನ ಅಳತೆಯ ಟೇಪು ತೆಗೆದುಕೊಂಡು ಆ ಜಾಗಕ್ಕೆ ಹೋದೆ. ಡಾಂಬರಿನಿಂದ ನಾಲ್ಕು ಅಡಿ ಕೆಳಗೆ, ಜಾಲಿ ಗಿಡದ ಬುಡದ ಮಣ್ಣಿನಲ್ಲಿ ಹಸಿರು, ಕೆಂಪು ಚೂರುಗಳು ಇನ್ನೂ ಹೊಳೆಯುತ್ತಿದ್ದವು. ಹುಸೇನಬಿ ಹೇಳಿದ ಕಡೆಯೇ. ಒಂದು ಹಿಡಿ ಕಾಗದದಲ್ಲಿ ಕಟ್ಟಿ ತಂದು ವಕೀಲರ ಮೇಜಿನ ಮೇಲೆ ಇಟ್ಟೆ. ಡೈರಿಯನ್ನೂ ಇಟ್ಟೆ, ಗೆರೆ ಹೊಡೆದ ಕಥೆಯನ್ನೂ ಹೇಳಿದೆ. ಕನ್ನಡಕ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ.

“ಈ ಚೂರು ನೀವ ಚೆಲ್ಲಿ ನೀವ ಆರಿಸಿ ತಂದೀರಿ ಅಂತಾರ. ನಡ್ಯಾಂಗಿಲ್ಲ. ಡೈರಿ ನಡೀತೈತಿ. ಆದರ ಡೈರಿ ತಾನ ಕಟಕಟೆ ಹತ್ತೂದಿಲ್ಲ ಕಾರಕೂನರ, ಬರದವರು ಹತ್ತಬೇಕು.”

“ಮೊದಲ ಚನ್ನಪ್ಪನ್ನ ಕರಸೋಣ್ರಿ.”

“ಕರಸೋಣ. ಅಂವ ಖರೆ ಹೇಳಿದ್ರ ನೀವು ಉಳದ್ರಿ.”

ಇಲ್ಲಿ ನನ್ನ ಭಯವನ್ನು ಬಿಚ್ಚಿ ಹೇಳಬೇಕು. ಠಾಣೆಯ ಕಾಗದ ಸುಳ್ಳು ಎಂದು ಸಾಕ್ಷಿ ಹೇಳಿದ ಕಾರಕೂನನಿಗೆ ಮುಂದೆ ಯಾವ ಠಾಣೆಯವರು ಕಾಗದ ಕೊಡುತ್ತಾರೆ? ಬೈಲಹೊಂಗಲದಲ್ಲಿ ಆಡಿದ ಮಾತು ಸಂಜೆಯ ಬಸ್ಸಿಗೆ ಸವದತ್ತಿ, ಕಿತ್ತೂರು ಮುಟ್ಟುತ್ತದೆ. ಕಾಗದ ತರದ ಕಾರಕೂನನನ್ನು ವಕೀಲರು ಎಷ್ಟು ಶನಿವಾರ ಇಟ್ಟುಕೊಂಡಾರು? ಮನೆಯಲ್ಲಿ ಹೇಳಿದೆ. ಹೆಂಡತಿ ತನ್ನ ಬರಿಗೈ ಎತ್ತಿ ತೋರಿಸಿದಳು. “ಆಕಿ ಬಿದ್ದಾಗಿಂದ ನಾ ಹೊಸಾ ಬಳಿ ಇಟ್ಟಿಲ್ಲ. ಮಂದಿ ಕಾಗದಕ್ಕೆಲ್ಲಾ ಗೆರಿ ಹೊಡದ ಕೊಡತೀರಿ, ಇದನ್ನೂ ಮುಗಸ್ರಿ,” ಎಂದಳು.

ಚನ್ನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋರ್ಟಿಗೆ ಬಂದ. ಕಡಾಯಿಯಿಂದ ದೂರ ಅವನನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ವಕೀಲರು ಕೇಳಿದರು.

“ಅಪಘಾತ ಆದ ಜಾಗಕ್ಕ ಹೋಗಿದ್ರೇನು?”

“ಹೋಗಿದ್ನಿರಿ.”

“ಹೆಂಗ ಹೋದ್ರಿ?”

ಚನ್ನಪ್ಪ ಬಾಗಿಲ ಬಳಿ ನಿಂತಿದ್ದ ನಿಂಗಪ್ಪನವರ ಮುಖ ನೋಡಿದ. “ಜೀಪಿನ್ಯಾಗ್ರಿ.”

“ಅಲ್ಲಿ ಏನೇನ ಕಂಡ್ರಿ?”

“ಕಾಗದದಾಗ ಏನೇನ ಬರದಾರೋ ಅದನ್ನೆಲ್ಲಾ ಕಂಡೇನ್ರಿ.”

“ಕಾಗದದಾಗ ಏನ ಬರದಾರ?”

“ಅದನ್ನ ಓದಿಲ್ರಿ ನಾನು.”

ಕೋರ್ಟು ನಕ್ಕಿತು. ಆದರೆ ನಗು ದಾಖಲೆಯಲ್ಲ. ಹೋಗಿದ್ದೆ ಎಂದು ಅವನು ಹೇಳಿದ್ದು ಮಾತ್ರ ಟೈಪಾಯಿತು. ಊಟದ ಬಿಡುವಿನಲ್ಲಿ ಹುಸೇನಬಿ ಜಗಲಿಯ ಮೇಲೆ ಕುಳಿತಿದ್ದಳು. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಕೂಡಿಸಿ ಹಿಡಿಯುತ್ತಿದ್ದಳು. ಬಿಟ್ಟ ಕೂಡಲೇ ಅವು ಬಿಚ್ಚಿಕೊಳ್ಳುತ್ತಿದ್ದವು. ನನ್ನನ್ನು ಕಂಡು, “ಹೊಟೇಲಿನಂವಗ ನನ್ನ ಬಳಿ ಅಷ್ಟ ದೂರದಿಂದ ಕಂಡಾವು. ಕಣ್ಣ ಭಾಳ ಛಲೋ ಅದಾವು ಬಿಡ್ರಿ,” ಎಂದಳು.

ಮಧ್ಯಾಹ್ನ ನಾನು ಕಟಕಟೆ ಹತ್ತಿದೆ. ಏಳು ವರ್ಷ ಅದರ ಪಕ್ಕದಲ್ಲಿ ಕಡತ ಹಿಡಿದು ನಿಂತವನು. ಒಳಗೆ ನಿಂತರೆ ಮರದ ಕಂಬಿ ಎದೆಗೆ ಬರುತ್ತದೆ, ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ನೆಟ್ಟಗೆ ಸೈನ್ಯದ ಸಾವಧಾನದಲ್ಲಿ ನಿಂತುಬಿಟ್ಟೆ. ನ್ಯಾಯಾಧೀಶರು, “ಆರಾಮಾಗಿ ನಿಲ್ಲಿ,” ಎಂದರು. ಕಾಲು ತಾನಾಗಿಯೇ ವಿಶ್ರಾಮಕ್ಕೆ ಬಂತು, ಸಪ್ಪಳ ಸಮೇತ.

ನಾನು ಕಂಡದ್ದನ್ನು ಹೇಳಿದೆ. ಆಮೇಲೆ ವಿಮಾ ಕಂಪನಿಯ ವಕೀಲರು ಎದ್ದರು. ಎಮ್ಮೆಯನ್ನು ಓದಿದವರು ಅವರೇ.

“ನೀವು ಅರ್ಜಿದಾರರ ವಕೀಲರ ನೌಕರರು.”

“ಹೌದ್ರಿ.”

“ಈ ಡೈರಿ ನಿನ್ನೆ ರಾತ್ರಿ ಬರೆದದ್ದಲ್ಲ ಅಂತ ನಾವು ಹೇಗೆ ನಂಬಬೇಕು?”

“ಏಳೂ ವರ್ಷದ್ದು ತಂದೇನ್ರಿ. ಯಾವ ಪುಟ ಬೇಕೋ ತಗೀರಿ.”

ಇದನ್ನು ಹೇಳಬಾರದಿತ್ತು. ಅವರು ಕಣ್ಣುಮುಚ್ಚಿ ಒಂದು ಪುಟ ತೆಗೆದು ಗಟ್ಟಿಯಾಗಿ ಓದಿದರು: “‘ಎರಡು ದೋಸೆ. ವಕೀಲರು ಇಂದು ಬಯ್ದರು. ಕಾರಣ ನನ್ನದಲ್ಲ. ಅವರಿಗೆ ಮನೆಯಲ್ಲಿ ಏನೋ ಆಗಿದೆ.’” ಕೋರ್ಟಿನಲ್ಲಿ ಗೋಡೆಗೆ ಒರಗಿದವರೂ ನಕ್ಕರು. ನಮ್ಮ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಸಾರ್ವಜನಿಕವಾಗಿ ಅದೊಂದೇ ಸಲ.

ಎದುರಿನ ವಕೀಲರಿಗೆ ಉಮೇದು ಬಂತು. ಆ ಬುಧವಾರದ ಪುಟಕ್ಕೆ ಬಂದರು. “ಹವಾಲ್ದಾರರಿಗೆ ಮಿರ್ಚಿ ಕೊಡಿಸಿದ್ದೀರಿ. ಅಂದರೆ ಪೊಲೀಸರನ್ನು ಒಲಿಸಿಕೊಳ್ಳುವ ರೂಢಿ ನಿಮಗಿದೆ?”

“ಮಿರ್ಚಿಯಿಂದ ಎಷ್ಟ ಒಲೀತಾರೋ ಅಷ್ಟರ ಮಟ್ಟಿಗೆ ಐತ್ರಿ.”

“ಮೂರೂ ಮಿರ್ಚಿ ಅವರು ತಿಂದದ್ದನ್ನು ನೀವು ನೋಡಿದಿರಾ?”

“ಎರಡೂವರಿ ತಿಂದ್ರು. ಅರ್ಧಾ ಬಿಟ್ರು, ಖಾರ ಇತ್ತು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ವಕೀಲರೇ, ಹವಾಲ್ದಾರರು ಆ ವೇಳೆಗೆ ಹೊಟೇಲಿನಲ್ಲಿ ಮಿರ್ಚಿ ತಿಂದರು ಎಂದು ನೀವೇ ಸಾಕ್ಷಿಯ ಬಾಯಿಂದ ಹೇಳಿಸುತ್ತಿದ್ದೀರಲ್ಲ?”

ಅವರು ಡೈರಿ ಮುಚ್ಚಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು.

“ಪಂಚನಾಮೆಗೆ ಗೆರೆ ಹೊಡೆದವರು ನೀವು. ಕಾರ್ಬನ್ ಕೊಟ್ಟವರು ನೀವು. ವೇಳೆ ಬರೆಯಿರಿ ಎಂದವರೂ ನೀವು. ಅದು ಸುಳ್ಳು ಅನ್ನುವುದಾದರೆ ಆ ಸುಳ್ಳನ್ನು ಅಂದ ಮಾಡಿಕೊಟ್ಟವರು ಯಾರು?”

ಬಾಗಿಲ ಬಳಿ ನಿಂಗಪ್ಪನವರು, ಗೋಡೆಯ ಬಳಿ ಹುಸೇನಬಿ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ನಾನ್ರಿ,” ಎಂದೆ. “ಆ ಹೊತ್ತಿಗೆ ಅದೇನು ಕಾಗದ ಅಂತ ಕೇಳಲಿಲ್ಲ. ಕೇಳಬೇಕಿತ್ತು. ಅಸಲು ತಗದು ನೋಡ್ರಿ. ಕೆಂಪು ಗೆರೆ ಎಡಕ್ಕೆ ಒಂದೂಕಾಲು ಇಂಚು ಇರತೈತಿ.”

ಅಸಲು ಕಡತ ಅಂದು ಕೋರ್ಟಿಗೆ ಬಂದಿತ್ತು. ನ್ಯಾಯಾಧೀಶರು ಫೂಟಪಟ್ಟಿ ತರಿಸಿದರು. ಬೆಂಚ್ ಗುಮಾಸ್ತ ಅಳೆದು, “ಒಂದೂಕಾಲು ಸಾಹೇಬರೇ,” ಎಂದ. ಪಕ್ಕದಲ್ಲೇ ಚನ್ನಪ್ಪನ ಸಹಿ, ಅದರ ಸುತ್ತ ರೂಪಾಯಿ ನಾಣ್ಯದಷ್ಟು ಅಗಲದ ಎಣ್ಣೆಯ ಕಲೆ. ಅದನ್ನು ಯಾರೂ ಅಳೆಯಬೇಕಾಗಲಿಲ್ಲ.

ತೀರ್ಪು ಬಂದಾಗ ನ್ಯಾಯಾಧೀಶರು, ಈ ಪಂಚನಾಮೆ ಸ್ಥಳದಲ್ಲಿ ಆದದ್ದಲ್ಲ, ಇದನ್ನೂ ಇದರ ಮೇಲೆ ನಿಂತ ಬಿ ರಿಪೋರ್ಟನ್ನೂ ನಂಬಲಾಗದು ಎಂದು ಬರೆದಿದ್ದರು. ತಪ್ಪು ಟೆಂಪೋದವನದು. ಹುಸೇನಬಿಗೆ ಪರಿಹಾರ ಮಂಜೂರಾಯಿತು. ನಮ್ಮ ವಕೀಲರು ನನ್ನನ್ನು ಕರೆದು ಡೈರಿ ಹಿಂದಿರುಗಿಸಿದರು. “ಇನ್ನ ಮ್ಯಾಲೆ ನನ್ನ ಮನಿ ವಿಷಯ ಬರೀಬ್ಯಾಡ್ರಿ. ಉಳದದ್ದು ಬರೀರಿ.”

ಮುಂದಿನ ಬುಧವಾರ ಅದೇ ಬಸ್ಸು, ಅದೇ ಠಾಣೆ. ನಿಂಗಪ್ಪನವರು ತಲೆ ಎತ್ತಲಿಲ್ಲ. “ಬರ್ರಿ ಮಿಲ್ಟ್ರಿ. ಮುಂಜಾನಿ ಎರಡು ಇಡ್ಲಿ ತಿಂದೇನಿ. ಬರಕೊಳ್ರಿ.” ಕಾಗದ ಸಿಗಲಿಲ್ಲ. ಮರುವಾರ ಕಾರ್ಬನ್ ಇರಲಿಲ್ಲ, ಅದರ ಮರುವಾರ ಕೀಲಿ ಇರಲಿಲ್ಲ. ನಾನು ಪ್ರತಿ ಬುಧವಾರ ಹತ್ತರಿಂದ ಒಂದರವರೆಗೆ ಬಾಕಿನ ಮೇಲೆ ಕುಳಿತು, ‘ಸಿಗಲಿಲ್ಲ’ ಎಂದು ಬರೆದು ಎದ್ದು ಬಂದೆ. ಚನ್ನಪ್ಪ ನನಗೆ ಹಿಂದಿನ ದಿನದ ಭಜಿ ಕೊಡತೊಡಗಿದ. ಅದನ್ನೂ ಬರೆದೆ. ಒಂದೆರಡು ಶನಿವಾರ ಕನ್ನಡಕ ಮೂಗಿನ ತುದಿಗೆ ಬಂದು ನಿಂತಿತು, ಕೆಳಗೆ ಇಳಿಯಲಿಲ್ಲ.

ಆರನೆಯ ತಿಂಗಳು ಒಂದು ಬೆಳಿಗ್ಗೆ ಠಾಣೆಯ ಎದುರು ಜೀಪು ನಿಂತಿತ್ತು. ಹೊಸದಾಗಿ ಬಂದ ಸಾಹೇಬರು ಪಂಚನಾಮೆಯನ್ನು ಜಾಗದಲ್ಲೇ ಬರೆಯಬೇಕು ಎಂದು ಹುಕುಂ ಮಾಡಿದ್ದರು. ಚನ್ನಪ್ಪ, ಅಳಿಯ ಇಬ್ಬರೂ ಹಿಂದಿನ ಸೀಟಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು.

“ನೋಡ್ರಿ ಕಾರಕೂನರ, ನಿಮ್ಮ ಡೈರಿ ಸಲವಾಗಿ ನನ್ನ ಎಣ್ಣಿ ಆರಾಕ ಹತ್ತೈತಿ,” ಎಂದ ಚನ್ನಪ್ಪ.

ನಿಂಗಪ್ಪನವರು ನನ್ನ ಕಡೆಗೆ ಕೈ ಚಾಚಿದರು. “ಠಾಣಾದಾಗ ಟೇಪ ಇಲ್ಲ. ನಿಮ್ಮದ ಕೊಡ್ರಿ. ಬರ್ರಿ, ಗಾಡ್ಯಾಗ ಜಾಗಾ ಐತಿ, ಹಾಳಿಗೆ ಗೆರಿ ಹೊಡದ ಕೊಡೀರಂತ.”

“ಟೇಪ ಒಯ್ಯರಿ. ಗೆರಿ ನೀವ ಹೊಡ್ಕೊಳ್ರಿ,” ಎಂದೆ.

ಅವರು ನಕ್ಕರು. ಸಂಜೆ ಬಿಸಿಲಿಗೆ ಕೆಂಪಾಗಿ ತಿರುಗಿ ಬಂದು ಟೇಪು ಕೊಟ್ಟರು, ಅದರ ಜೊತೆಗೆ ಆರು ತಿಂಗಳ ಬಾಕಿ ಕಾಗದವನ್ನೂ ಕೊಟ್ಟರು. ಒಂದೊಂದಕ್ಕೂ ಎಡಕ್ಕೆ ಗೆರೆ ಇತ್ತು. ಸೊಟ್ಟಗಿತ್ತು.

ಈಗ ಕಾರ್ಬನ್ ಹೋಗಿದೆ. ನಾನು ಕೆಲಸ ಬಿಡುವ ಹೊತ್ತಿಗೆ ಝೆರಾಕ್ಸ್ ಹಳತಾಗಿ, ಠಾಣೆಗಳಲ್ಲಿ ಕಂಪ್ಯೂಟರು ಮೊದಲ ವರದಿಯನ್ನು ಅಚ್ಚು ಹಾಕಿ ಕೊಡುತ್ತಿತ್ತು. ಅಂಚು ಅದೇ ಬಿಡುತ್ತದೆ, ವೇಳೆ ಅದೇ ಹಾಕುತ್ತದೆ. ಹೊಸಬರು ಇದನ್ನು ನೋಡಿ, ಈಗ ತಪ್ಪೇ ಇಲ್ಲ ಎನ್ನುತ್ತಾರೆ. ಅಚ್ಚುಕಟ್ಟಾದ ಕಾಗದ ಕಂಡಾಗಲೇ ನನಗೆ ಸಂಶಯ ಹೆಚ್ಚು. ಬರೆದವರು ಆ ಹೊತ್ತಿಗೆ ಎಲ್ಲಿ ಕುಳಿತಿದ್ದರು ಎಂದು ಮೊದಲು ಕೇಳಿರಿ.

ಪರಿಹಾರ ಬಂದ ಮೇಲೆ ಹುಸೇನಬಿ ಬುಟ್ಟಿ ಹೊರುವುದನ್ನು ಬಿಟ್ಟು, ಮನೆಯ ಮುಂದೆಯೇ ಬಳೆಯ ಅಂಗಡಿ ಇಟ್ಟಳು. ತೊಡಿಸುವವಳು ಸೊಸೆ, ಹುಸೇನಬಿ ಪಕ್ಕದಲ್ಲಿ ಕುಳಿತು ಬಯ್ಯುವವಳು. ಆದರೆ ಅಂಗಡಿ ಇಟ್ಟ ವಾರವೇ ಒಂದು ಭಾನುವಾರ, ಹಸಿರು ಬಳೆ ತೆಗೆದುಕೊಂಡು ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿಯ ಎದುರು ಕುಳಿತು, ಎಡಗೈಯಿಂದ ಅವಳ ಅಂಗೈಯನ್ನು ಒತ್ತಿ ಸಣ್ಣದು ಮಾಡಿ ಹಿಡಿದಳು.

“ಕಾರಕೂನರ, ಬರ್ರಿ. ಹಿಡಿಯೂದು ನಾ ಹಿಡೀತೇನಿ. ಏರಸೂದು ನೀವು.”

“ನನಗೇನ ಗೊತ್ತೈತ್ರಿ ಅಕ್ಕಾ?”

“ಕೋರ್ಟಿನ್ಯಾಗ ನನ್ನ ಕೈ ಆಗಿದ್ರಿ. ಇಲ್ಲೂ ಆಗ್ರಿ.”

ಆಯಿತು. ಮೊದಲನೆಯದು ಬೆರಳ ಗೆಣ್ಣಿನಲ್ಲಿ, ಎರಡನೆಯದು ಹೆಬ್ಬೆರಳ ಬುಡದಲ್ಲಿ, ಮೂರನೆಯದು ನಾನು ಎತ್ತಿಕೊಳ್ಳುವಾಗಲೇ ಹೋಯಿತು. ಹೆಂಡತಿ ನಕ್ಕು ಕಣ್ಣೀರು ಒರೆಸಿಕೊಂಡಳು. ಹುಸೇನಬಿ, “ಗೆರಿ ಹೊಡದಂಗ ಒತ್ತಬ್ಯಾಡ್ರಿ, ಹೊಳ್ಳಸ್ರಿ, ಹೊಳ್ಳಸ್ರಿ,” ಎನ್ನುತ್ತಿದ್ದಳು. ನಾಲ್ಕನೆಯದನ್ನು ತಿರುಗಿಸುತ್ತ ಒಯ್ದೆ, ಏರಿತು.

ಆ ದಿನದ ಪುಟ ಈಗಲೂ ನನ್ನ ಬಳಿ ಇದೆ. ‘ಆರಂಭ ಬೆಳಿಗ್ಗೆ ಹತ್ತು, ಮುಕ್ತಾಯ ಹನ್ನೊಂದೂವರೆ. ಬಳೆ ಒಡೆದದ್ದು ಮೂರು, ಮನೆಯ ಪಡಸಾಲೆಯ ಸರಿ ಮಧ್ಯದಲ್ಲಿ ಚೂರುಗಳು ಬಿದ್ದಿರುತ್ತವೆ. ತಪ್ಪು ನನ್ನದು. ಪಂಚರು: ಹೆಂಡತಿ, ಹುಸೇನಬಿ. ಇಬ್ಬರೂ ಸ್ಥಳದಲ್ಲಿ ಹಾಜರಿದ್ದರು.’